ಉತ್ತರ ಬರೆಯದೆ ಬಿಟ್ಟ ಜಾಗ

ಸೋಮವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಹೆಸರು ಕಳ್ಳತನ ಆಗಿದೆ ಸರ್. ದೂರು ಬರ್ಕೊಳ್ಳಿ."

ಪರ್ಸು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು ಇನ್ಸ್‌ಪೆಕ್ಟರಿಗೆ ಹೊಸಬರಲ್ಲ. ಇದು ಮಾತ್ರ ಹೊಸದು. ಇವತ್ತು ಯಾರ ಮುಖ ನೋಡಿ ಎದ್ದೆನೋ ಎಂದುಕೊಂಡು ಪೆನ್ನು ತೆಗೆದರು.

ಕಂಪ್ಯೂಟರಿನ ಬುಡದಲ್ಲಿರುವ, ಕರ್ನಲ್ ಎಂಬ ಮೂಲ ತಂತ್ರಾಂಶಕ್ಕೆ ಬೇರೆಯವರು ಬರೆದ ಕೋಡನ್ನು ಪರಿಶೀಲಿಸುವುದು ಆಕೆಯ ಕೆಲಸ. ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಮೆಮೊರಿಯನ್ನು ಇಷ್ಟು ದಿನ ಸಣ್ಣ ಪುಟಗಳಾಗಿ ಕೊಡುತ್ತಿದ್ದರು. ಹೊಸ ಕೋಡು ಅಂಥ ಐನೂರ ಹನ್ನೆರಡು ಪುಟಗಳ ಬದಲು ಒಂದೇ ದೊಡ್ಡ ಪುಟ ಕೊಡುತ್ತದೆ. ವೇಗವೇನೋ ಹೆಚ್ಚು; ಆದರೆ ನಡುವಿನ ಒಂದು ತುಂಡು ಅಳಿಸಿದರೆ ಹಳೆಯ ಮಾಹಿತಿ ಅಲ್ಲೇ ಉಳಿದುಬಿಡುತ್ತದೆ. ಬುಧವಾರ ಅದು ಆಸ್ಪತ್ರೆಗಳ ಯಂತ್ರಗಳಿಗೆ ಹೋಗುವುದಿತ್ತು.

"ಒಬ್ಬ ರೋಗಿಯ ಔಷಧಿ ಇನ್ನೊಬ್ಬನ ಹೆಸರಲ್ಲಿ ಕಾಣ್ಬಹುದು. ನಾನು ಒಪ್ಪಿರ್ಲಿಲ್ಲ. ಶುಕ್ರವಾರ ಒಂದೂವರೆಗೆ ಊಟಕ್ಕೆ ಹೋಗಿದ್ದೆ. ಕಂಪ್ಯೂಟರ್ ಮುಚ್ಚದೆ ಹೋಗಿದ್ದು ನನ್ನ ತಪ್ಪು. ಅದರಿಂದ್ಲೇ, 'ಪರಿಶೀಲಿಸಿ ಒಪ್ಪಿದ್ದೇನೆ' ಅಂತ ನನ್ನ ಹೆಸರಲ್ಲಿ ಪತ್ರ ಹೋಗಿದೆ."

ಎಫ್‌ಐಆರ್ ದಾಖಲಾಯಿತು. ಹನ್ನೆರಡೂ ಕಾಲಿಗೆ ಆಕೆಯ ಕಚೇರಿಯಲ್ಲಿ, ಇನ್ಸ್‌ಪೆಕ್ಟರ್ ಜೊತೆ ಬಂದ ದಫೇದಾರ ಪಂಚನಾಮೆ ಬರೆಯತೊಡಗಿದ. ಮ್ಯಾನೇಜರ್ ದಡಬಡ ಓಡಿಬಂದ.

"ಒಂದು ಸಹಿಗೆ ಇಷ್ಟೊಂದು ರಾದ್ಧಾಂತನಾ ತಾಯಿ? ದೂರು ವಾಪಸ್ ತಗೊಳ್ಳಿ. ಇಲ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡಿ."

"ಬರಲ್ಲ. ಏನೀಗ?"

ಭಲೇ, ಎಂದು ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಅಂದುಕೊಂಡರು. ಅನುಮಾನ ಮೊದಲು ಹೋದದ್ದು ಮ್ಯಾನೇಜರ್ ಮೇಲೆ; ಆದರೆ ಶುಕ್ರವಾರ ಆ ಹೊತ್ತಿಗೆ ಅವನು ಮೀಟಿಂಗಿನಲ್ಲಿದ್ದ. ಹತ್ತು ಜನ ಸಾಕ್ಷಿ.

ಇನ್ಸ್‌ಪೆಕ್ಟರ್ ಆ ಪತ್ರದ ಪ್ರತಿ ತರಿಸಿದರು. ಕೋಡು ಅವರಿಗೆ ಒಂದಕ್ಷರ ತಿಳಿಯದು. ಆದರೆ ಸಾವಿರಾರು ಹೇಳಿಕೆ ಓದಿದ ಕಣ್ಣು, ಬರೆದದ್ದಕ್ಕಿಂತ ಬಿಟ್ಟದ್ದರ ಮೇಲೆ ಹೋಯಿತು. ಕೋಡಿನ ಪ್ರತಿ ತುಂಡಿನ ಕೆಳಗೂ 'ಸರಿ' ಎಂದಿತ್ತು. ಒಂದರ ಕೆಳಗೆ ಮಾತ್ರ ಖಾಲಿ.

"ಇಲ್ಲಿ ಯಾಕೆ ಏನೂ ಬರೆದಿಲ್ಲ?"

ಆಕೆಯ ಬೆರಳು ಆ ಖಾಲಿ ಜಾಗದ ಮೇಲೆ ನಿಂತಿತು. "ತಪ್ಪಿರೋದು ಅಲ್ಲೇ."

"ಪತ್ರ ಬರೆದವರಿಗೂ ಅದು ಗೊತ್ತಿತ್ತು ಅನ್ನಿ. ಈ ತಪ್ಪನ್ನ ಯಾರಿಗೆ ಹೇಳಿದ್ರಿ?"

"ಒಬ್ಬರಿಗೇ. ಎಲ್ಲರೆದುರು ಅವರ ಮರ್ಯಾದೆ ಹೋಗೋದು ಬೇಡ ಅಂತ ಫೋನ್‌ನಲ್ಲಿ ಹೇಳಿದ್ದೆ. ಕೋಡ್ ಬರೆದವರಿಗೆ. ನಮ್ಮ ಮೇಷ್ಟ್ರಿಗೆ."

ಆಕೆಗೆ ಕೆಲಸ ಕಲಿಸಿದ ಹಿರಿಯರವರು. ಮುಂದಿನ ವಾರ ನಿವೃತ್ತಿ. ಅದೇ ಕೋಣೆಯ ಮೂಲೆಯ ಮೇಜಿನಿಂದ ಅವರೇ ಎದ್ದು ನಿಂತರು.

"ನಾನೇ ಕಳಿಸಿದ್ದು. ಅಲ್ಲಿ 'ಸರಿ' ಅಂತ ಬರೆಯೋಕೆ ಕೈ ಬರ್ಲಿಲ್ಲ."

ಇನ್ಸ್‌ಪೆಕ್ಟರ್ ಪೆನ್ನಿನ ಕ್ಯಾಪು ಹಾಕಿದರು. "ಗುರುಗಳು ಕಣಮ್ಮ. ಬೇಕಾದ್ರೆ ಇನ್ನೊಮ್ಮೆ ಯೋಚ್ನೆ ಮಾಡಿ."

ಆಕೆಯ ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ. "ಲಾಕಪ್ಪಿಗೆ ಊಟ ನಾನೇ ತರ್ತೀನಿ ಸರ್. ಸಹಿ ಮಾತ್ರ ನಂದಲ್ಲ."

ಮೂರೂ ಇಪ್ಪತ್ತಕ್ಕೆ ಬಂಧನ. ಮೂವತ್ತೊಂದು ವರ್ಷ ಇತರರ ಕೋಡು ತಿದ್ದಿದ ಮೇಷ್ಟ್ರು, ತಾವೇ ಬರೆದದ್ದೊಂದು ಓಡುವುದನ್ನು ಕಣ್ಣಾರೆ ನೋಡಿ ಮನೆಗೆ ಹೋಗಬೇಕೆಂದಿದ್ದರು. ತಿದ್ದಲು ದಿನ ಉಳಿದಿರಲಿಲ್ಲ. ಹೇಳಿಕೆಯಲ್ಲಿ ಅಷ್ಟೇ ಇತ್ತು.

ಜೀಪಿನಲ್ಲಿ ಅವರು ಒಂದೇ ಮಾತು ಕೇಳಿದರು. "ಆ ಕೋಡು ಅವಳು ವಾಪಸ್ ತೆಗೆದ್ಲಾ?"

"ತೆಗೆದ್ರು. ಅವರೇ ಕೂತು ತೆಗೆದ್ರು," ಎಂದರು ಇನ್ಸ್‌ಪೆಕ್ಟರ್.

"ಸದ್ಯ," ಎಂದರು ಮೇಷ್ಟ್ರು.