ಬುಧವಾರದ ಹನ್ನೊಂದು ಕಿಲೋಮೀಟರ್

ಮಾರ್ಕೆಟ್‌ಗೆ ಹೋಗಿಬರೋಕೆ ನಾಲ್ಕು ಕಿಲೋಮೀಟರ್. ಕಾರಿನ ಮೀಟರ್ ತೋರಿಸಿದ್ದು ಹನ್ನೊಂದು. ಅದೂ ಸತತ ಮೂರು ಬುಧವಾರ.

ಅವರು ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವರು. ಒಂದು ಕಾಮಾ ತಪ್ಪಿದರೂ ಕಣ್ಣಿಗೆ ಚುಚ್ಚುತ್ತಿತ್ತು, ಇನ್ನು ಏಳು ಕಿಲೋಮೀಟರ್ ಬಿಟ್ಟುಹೋದೀತೇ? ಹೆಂಡತಿ ಎಪ್ಪತ್ತರ ಹತ್ತಿರದವಳು, ಡ್ರೈವಿಂಗ್ ಸ್ಕೂಲಿನಲ್ಲಿ ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯೋದು ಕಲಿಸಿದವಳು. ಅವರೂ ಒಂದು ಕಾಲದಲ್ಲಿ ಅವಳ ಶಿಷ್ಯರೇ. ಲೈಸೆನ್ಸ್ ಬರಲಿಲ್ಲ, ಟೀಚರ್ ಮನೆಗೆ ಬಂದಳು.

"ಯಾಕೆ ಲೇಟು, ಟೀಚರ್?"

"ಟ್ರಾಫಿಕ್ ರೀ," ಎಂದು ಅವಳು ತರಕಾರಿ ಚೀಲ ಕೆಳಗಿಟ್ಟಳು. ಮುಖ ಕೊಟ್ಟು ಮಾತಾಡಲಿಲ್ಲ. ಕತ್ತಿನ ಹಿಂದೆ ಬೆವರು. ಏಸಿ ಕಾರಿನಲ್ಲಿ ಬೆವರು?

ಅನುಮಾನಕ್ಕೆ ಒಂದು ಮುಖವೂ ಸಿಕ್ಕಿತು: ಡ್ರೈವಿಂಗ್ ಸ್ಕೂಲಿನ ಹಳೇ ಓನರ್. ಹೆಂಡತಿ ತೀರಿಕೊಂಡ ಮೇಲೆ ಕಾಲುವೆ ರಸ್ತೆಯಲ್ಲಿ ಒಬ್ಬರೇ ಇದ್ದರು. ಈಗಲೂ ತಲೆಗೆ ಬಣ್ಣ, ಇಸ್ತ್ರಿ ಮಾಡಿದ ಶರ್ಟು. ಆ ರಸ್ತೆ ಸುತ್ತಿ ಬಂದರೆ ಸರಿಯಾಗಿ ಹನ್ನೊಂದು ಕಿಲೋಮೀಟರ್. ಮ್ಯಾಪಿನಲ್ಲಿ ಎರಡು ಸಲ ಅಳೆದಿದ್ದರು.

ಈ ವಯಸ್ಸಲ್ಲಿ ಇದೇನು ಹುಚ್ಚು ಅಂತ ತಮ್ಮನ್ನೇ ಬೈದುಕೊಂಡರು. ಆದರೂ ಅವಳು ಕನ್ನಡಿ ಮುಂದೆ ನಿಂತರೆ ಪೇಪರಿನ ಮೇಲಿಂದ ಕಣ್ಣು ಅತ್ತಲೇ ಜಾರುತ್ತಿತ್ತು. ಕಿವಿಯ ಹಿಂದೆ ಸಿಕ್ಕಿಸಿದ ಬಿಳಿಕೂದಲು ಎಷ್ಟು ಚೆಂದ. ಆ ಚೆಂದ ಯಾರಿಗೋ?

ನಾಲ್ಕನೇ ಬುಧವಾರ ಅವರು ಚಪ್ಪಲಿ ಮೆಟ್ಟಿಕೊಂಡರು. "ನಾನೂ ಬರ್ತೀನಿ."

"ಬೇಡ. ನಿಮಗೆ ಮಂಡಿ ನೋವು."

"ಕೂತಿರೋಕೆ ಮಂಡಿ ಏನು ಮಾಡತ್ತೆ?"

ಮಾರ್ಕೆಟ್ ಇದ್ದದ್ದು ಬಲಕ್ಕೆ. ಕಾರು ಎಡಕ್ಕೆ ತಿರುಗಿತು. ಮತ್ತೆ ಎಡ. ಕಾಲುವೆ ರಸ್ತೆ ಬಂತು, ಓನರ್ ಮನೆಯೂ ಬಂತು. ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದ ಮನುಷ್ಯ ಕೈ ಬೀಸಿದ. ಅವಳು ಮಾತ್ರ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ಎರಡೂ ಕೈಯಲ್ಲಿ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದಿದ್ದಳು.

"ನಿನ್ನ ಓನರ್ ಕೈ ಬೀಸಿದ್ರು," ಎಂದರು ಚುಚ್ಚಿ.

"ಎಲ್ಲಿ?"

ಆ ಪ್ರಶ್ನೆಯಲ್ಲಿ ನಾಟಕ ಇರಲಿಲ್ಲ. ಹೆದರಿಕೆ ಇತ್ತು. ಅವಳು ಕಾರನ್ನು ಮರದ ನೆರಳಿಗೆ ತಂದು ನಿಲ್ಲಿಸಿದಳು.

"ಕಾಣಲಿಲ್ಲ ರೀ. ಒಂದು ತಿಂಗಳ ಹಿಂದೆ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಿಸ್ದೆ. ಎದುರಿನ ಬಸ್ ನೋಡ್ತಿದ್ದೆ. ಪಕ್ಕದಲ್ಲೇ ಸೈಕಲ್ ಮೇಲೊಬ್ಬ ಹೆಂಗಸು, ಗೊತ್ತೇ ಆಗಲಿಲ್ಲ. ಅವಳ ಚೀಲ ಬಂಪರಿಗೆ ತಾಗಿ ಹರೀತು. ಅವಳು ಬೀಳಲಿಲ್ಲ, ಪುಣ್ಯ. ಅವತ್ತಿಂದ ಬಲಕ್ಕೆ ತಿರುಗೋ ಧೈರ್ಯ ಇಲ್ಲ. ಎಡಎಡಕ್ಕೇ ಸುತ್ತಿ ಹೋಗ್ತೀನಿ."

"ಕಣ್ಣು ತೋರಿಸಿದ್ಯಾ?"

"ಕೊನೇ ಸಾಲಿನ ಅಕ್ಷರವೂ ಓದ್ದೆ. ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿದ್ರು. ನಡುವೆ ಒಂದು ಚಿತ್ರ, ಅದೇ ಕ್ಷಣ ಅಂಚಲ್ಲಿ ಇನ್ನೊಂದು ಮಿಂಚಿ ಹೋಗತ್ತೆ. ಅಂಚಿನದು ಒಂದೂ ಸಿಗಲಿಲ್ಲ. ಕಣ್ಣು ಸರಿಯಿದೆ, ಗಮನ ಕುಗ್ಗಿದೆ, ಡ್ರೈವಿಂಗ್ ಬಿಡಿ ಅಂದ್ರು."

"ನನಗ್ಯಾಕೆ ಹೇಳಲಿಲ್ಲ?"

"ನೀವು ಟೀಚರ್ ಅಂತ ಕರೀತೀರಲ್ಲ. ಹೇಗೆ ಹೇಳಲಿ?"

ಅವರಿಗೆ ತಮ್ಮ ಮೇಲೆಯೇ ನಾಚಿಕೆಯಾಯಿತು. "ನೀನು ಓನರ್‌ನ ನೋಡೋಕೆ ಬರ್ತೀಯ ಅಂದ್ಕೊಂಡಿದ್ದೆ. ಮೂರು ವಾರದಿಂದ ಮೀಟರ್ ನೋಡ್ತಿದ್ದೀನಿ."

ಅವಳು ಮೊದಲು ದುರುಗುಟ್ಟಿದಳು. ಆಮೇಲೆ ಒದ್ದೆ ಕಣ್ಣಲ್ಲೇ ನಗು ಉಕ್ಕಿತು. "ಆ ಬಣ್ಣದ ತಲೆಯವರನ್ನಾ? ಇನ್ನೂ ಹೊಟ್ಟೆಕಿಚ್ಚು ಪಡುವಷ್ಟು ಇಷ್ಟವಾ ನಾನು?"

"ಅದನ್ನೂ ಬಾಯಿಬಿಟ್ಟು ಹೇಳಬೇಕಾ?"

"ಹೇಳಿ. ನಾನು ನಿಜ ಹೇಳಿದ್ನಲ್ಲ."

"ಇಷ್ಟ," ಎಂದರು. ಮುಖ ಮಾತ್ರ ಕಿಟಕಿ ಕಡೆ.

ಅವಳೇ ಇಂಜಿನ್ ಆಫ್ ಮಾಡಿದಳು. ಮಗಳಿಗೆ ಫೋನ್ ಮಾಡಿ, ಕಾರು ಇಂಥ ಕಡೆ ಇದೆ, ಬಂದು ತೊಗೊಂಡು ಹೋಗು, ಇನ್ನು ನಿನ್ನ ಹತ್ತಿರವೇ ಇರಲಿ ಅಂದಳು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಪ್ರತಿ ತಿರುವಿನಲ್ಲೂ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅವರು ಅವಳ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಮೆಲ್ಲಗೆ ಹೇಳಿದರು, "ಬ್ರೇಕ್ ಹಾಕೋರು ಮುಂದಿದ್ದಾರೆ, ಟೀಚರ್."

ಮುಂದಿನ ಸ್ಟಾಪು ದಾಟುವಷ್ಟರಲ್ಲಿ ಅವಳು ಅವರ ಭುಜಕ್ಕೆ ತಲೆಯಾನಿಸಿ, ರಸ್ತೆ ಓಡುತ್ತಿರುವಾಗಲೇ ಕಣ್ಣು ಮುಚ್ಚಿದ್ದಳು.