ಹಗರಿ ದಾಟಿದ ಜೀಪು

ಜನವರಿ ಹನ್ನೆರಡು, ಸೋಮವಾರ. ಸಂಜೆ ಐದೂವರೆಗೆ ಸಿರುಗುಪ್ಪ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಮೈಮೇಲೆ ಮರುಭೂಮಿಗೆಂದೇ ಕೊಂಡ ಅಂಗಿ ಇತ್ತು. ಎಣಿಸಲಾರದಷ್ಟು ಜೇಬುಗಳು, ಒಂದರಲ್ಲೂ ಏನೂ ಇಲ್ಲ. ಹೆಸರು ಪ್ರದೀಪ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದ ಮಾಲೀಕ.

"ನನ್ನ ಜೀಪ್ ಕಳುವಾಗೈತ್ರಿ ಸಾರ್."

ಇನ್‌ಸ್ಪೆಕ್ಟರ್ ಉಚ್ಚೆಂಗೆಪ್ಪ ಚಹಾದ ಲೋಟ ಪಕ್ಕಕ್ಕಿಟ್ಟು ಕುರ್ಚಿ ತೋರಿಸಿದರು. ಹೆಂಡತಿ ಮಕ್ಕಳನ್ನು ಹರಪನಹಳ್ಳಿಯಲ್ಲಿ ಬಿಟ್ಟು ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುವ ಅವರಿಗೆ ಸಂಜೆ ಹೊತ್ತು ಠಾಣೆಗೆ ಯಾರು ಬಂದರೂ ಬೇಸರವಾಗುತ್ತಿರಲಿಲ್ಲ. ಈ ಗುಟ್ಟು ಹೆಡ್ ಕಾನ್‌ಸ್ಟೆಬಲ್ ದೊಡ್ಡಬಸವರಾಜನಿಗೆ ಮಾತ್ರ ಗೊತ್ತಿತ್ತು, ಅವನು ದಿನಾ ಮನೆಗೆ ತಡವಾಗಿ ಹೋಗುತ್ತಿದ್ದುದೇ ಇದರಿಂದ.

"ಎಲ್ಲಿತ್ತು ಜೀಪು?"

"ಇಲ್ಲೇ, ನಮ್ಮ ದುರುಗಣ್ಣನ ರೈಸ್ ಮಿಲ್ಲಿನಾಗ. ಸೋಮವಾರ ಮಿಲ್ಲಿಗೆ ರಜಾ. ವಾಚ್‌ಮನ್ ಮಧ್ಯಾಹ್ನ ಊಟಕ್ಕ ಹೋಗಿ ಬರೂದ್ರಾಗ ಇಲ್ಲ."

"ಬಳ್ಳಾರಿ ಜೀಪು ಸಿರುಗುಪ್ಪದಾಗ ಯಾಕ?"

"ಸಾಮಾನು ತುಂಬಾಕ್ರಿ. ಈ ಭಾನುವಾರ ಮೂರು ಜೀಪು ಹೊರಡಬೇಕಿತ್ತು. ರಾಜಸ್ಥಾನದಾಗ ಜೈಸಲ್ಮೇರ್ ದಾಟಿದ ಮ್ಯಾಲೆ ಮರಳಿನ ದಿಬ್ಬ ಅದಾವಲ್ರಿ, ಅದ್ರಾಗ ಓಡ್ಸಾಕ."

"ಓಡ್ಸಿ?"

"ಓಡ್ಸಿ ವಾಪಸ್ ಬರಾಕ."

ದೊಡ್ಡಬಸವರಾಜ ಮೀಸೆಯೊಳಗೇ ನಕ್ಕ. ಪ್ರದೀಪನಿಗೆ ನಗು ಬರುವ ಹಾಗಿರಲಿಲ್ಲ. ಎರಡು ವರ್ಷದಿಂದ ತಯಾರಿ ನಡೆಸಿದ್ದರು. ಮರಳಿನಲ್ಲಿ ಹೂತ ಗಾಡಿಯನ್ನು ಉಕ್ಕಿನ ಹಗ್ಗ ಕಟ್ಟಿ ಎಳೆಯುವ ವಿಂಚ್ ಯಂತ್ರ ಇದ್ದುದು ಅವನ ಜೀಪಿಗೊಂದಕ್ಕೇ. ಅದಿಲ್ಲದೆ ಉಳಿದ ಎರಡು ಜೀಪು ಮರಳಿಗೆ ಇಳಿಯುವಂತಿಲ್ಲ. ಫೆಬ್ರವರಿ ದಾಟಿದರೆ ಅಲ್ಲಿ ಬಿಸಿಲು ತಡೆಯಲಾಗದು. ಈ ಸಲ ತಪ್ಪಿದರೆ ಮತ್ತೆ ಮುಂದಿನ ಚಳಿಗಾಲವೇ.

"ಕೀಲಿ?"

"ಒಂದು ನನ್ನ ಹತ್ರ. ಇನ್ನೊಂದು ಮಿಲ್ಲಿನ ವಾಚ್‌ಮನ್ ಕೋಣ್ಯಾಗ ಮೊಳಿಗೆ ಹಾಕಿತ್ತು. ನಮ್ಮ ತಂಡದ ಪದ್ಧತಿರಿ ಅದು. ಒಬ್ಬರ ಜೀಪಿನ ಎರಡನೇ ಕೀಲಿ ಇನ್ನೊಬ್ಬರ ಹತ್ರ ಇರಬೇಕು. ಮರಳಾಗ ಕೀಲಿ ಬಿದ್ರ ಹುಡುಕಾಕ ಆಗಂಗಿಲ್ಲಲ್ರಿ. ನಂದು ದುರುಗಣ್ಣನ ಹತ್ರ, ದುರುಗಣ್ಣಂದು ನೀಲಾವತಿ ಮೇಡಂ ಹತ್ರ, ಅವ್ರದು ನನ್ನ ಹತ್ರ."

"ಭಾಳ ಚಂದ ಪದ್ಧತಿ," ಎಂದರು ಉಚ್ಚೆಂಗೆಪ್ಪ. ಭಾರತೀಯ ನ್ಯಾಯ ಸಂಹಿತೆಯ ಕಳ್ಳತನದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮೊಳೆಗೆ ತೂಗುಹಾಕಿದ್ದ ಕೀಲಿಯೂ ಕಾಣೆಯಾಗಿದೆ ಎಂಬುದು ಆ ರಾತ್ರಿಯೇ ಖಾತ್ರಿಯಾಯಿತು.

ಮಂಗಳವಾರ ಬೆಳಿಗ್ಗೆ ದೊಡ್ಡಬಸವರಾಜ ರಸ್ತೆಯ ಕ್ಯಾಮೆರಾಗಳನ್ನು ನೋಡಿ ಬಂದ. ಬಳ್ಳಾರಿ ಕಡೆಗೆ ಜೀಪು ಹೋಗಿಲ್ಲ. ತುಂಗಭದ್ರೆಯ ಸೇತುವೆ ದಾಟಿಲ್ಲ. ಹಗರಿ ಸೇತುವೆಯ ಮೇಲೂ ಕಂಡಿಲ್ಲ.

"ಹಾರಿ ಹೋತೇನ್ರಿ ಸಾರ್ ಹಂಗಾದ್ರ?"

"ಹಾರಾಕ ಯಾಕ ಬೇಕಲೇ. ಹಗರಿಯಾಗ ಈಗ ನೀರೆಲ್ಲೈತಿ?"

ಮಾತು ನಿಜ. ಜನವರಿಯಲ್ಲಿ ಹಗರಿ ಎಂದರೆ ಮರಳು, ನಡುವೆ ಕಾಲು ತೋಯುವಷ್ಟು ನೀರು. ಎತ್ತಿನ ಗಾಡಿ ದಾಟುತ್ತದೆ, ಟ್ರ್ಯಾಕ್ಟರ್ ದಾಟುತ್ತದೆ. ಆದರೆ ಸಂಕ್ರಾಂತಿ ಹತ್ತಿರ ಬಂದಿತ್ತು. ಹಬ್ಬದ ಬುತ್ತಿ ಕಟ್ಟಿಕೊಂಡು ಜನ ಹೊಳೆಗೆ ಇಳಿದರೆ ಮರಳಿನಲ್ಲಿ ಒಂದು ಗುರುತೂ ಉಳಿಯುವುದಿಲ್ಲ. ಉಚ್ಚೆಂಗೆಪ್ಪ ಪ್ರದೀಪನನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಹೊಳೆಯ ದಂಡೆ ಹಿಡಿದು ನಡೆದರು. ಮಧ್ಯಾಹ್ನದ ಹೊತ್ತಿಗೆ ಗುರುತು ಸಿಕ್ಕಿತು.

"ನನ್ನ ಟೈರ್‌ದೇ ರೀ," ಎಂದು ಪ್ರದೀಪ ಮಂಡಿಯೂರಿ ಕೂತ.

ದಂಡೆಯ ಮಣ್ಣಿನಲ್ಲಿ ಗುರುತು ಒಂದು ಗೇಣು ಅಗಲವಿತ್ತು. ಮರಳಿಗೆ ಇಳಿಯುತ್ತಲೇ ಮೂರು ಬೆರಳು ಹೆಚ್ಚಾಗಿತ್ತು. ಎಲ್ಲೂ ಚಕ್ರ ಹೂತಿರಲಿಲ್ಲ, ಎಲ್ಲೂ ಮರಳು ಕೆದರಿರಲಿಲ್ಲ.

"ಇದ್ಯಾಕ ದಪ್ಪಾತು?"

"ಗಾಳಿ ಇಳಿಸ್ಯಾರ್ರಿ. ಮರಳಿಗೆ ಇಳಿಯೋ ಮುಂಚೆ ಟೈರಿನ ಗಾಳಿ ಅರ್ಧ ತಗೀಬೇಕು. ಟೈರ್ ಅಗಲ ಆಕ್ಕಾವು, ಹೂಳಂಗಿಲ್ಲ. ಇದು ಎಲ್ಲಾರಿಗೂ ಗೊತ್ತಿರಂಗಿಲ್ಲ, ನಮ್ಮ ಜಂಬುನಾಥಣ್ಣ ರೂಪನಗುಡಿ ಹತ್ರ ಹೊಳ್ಯಾಗ ನಮಗ ಹತ್ತು ಸಲ ಮಾಡ್ಸಿ…"

ಪ್ರದೀಪ ಅಲ್ಲಿಗೇ ಮಾತು ನಿಲ್ಲಿಸಿದ. ಉಚ್ಚೆಂಗೆಪ್ಪ ಅವನ ಮುಖ ನೋಡಿ, ಗುರುತು ಹಿಡಿದು ಹೊಳೆ ದಾಟಿದರು.

ಆಚೆ ದಂಡೆ ಹತ್ತಿದ ಮೇಲೆ ಗುರುತು ಮತ್ತೆ ಸಣ್ಣದಾಗಿತ್ತು. ಅಂದರೆ ಕಳ್ಳ ಅಲ್ಲಿ ಜೀಪು ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಗಾಳಿ ತುಂಬಿ, ಆಮೇಲೆ ಮುಂದೆ ಹೋಗಿದ್ದಾನೆ. ಕದ್ದ ಗಾಡಿಗೆ ಇಷ್ಟು ಉಪಚಾರ ಮಾಡಿದ ಕಳ್ಳನನ್ನು ಉಚ್ಚೆಂಗೆಪ್ಪ ತಮ್ಮ ನೌಕರಿಯಲ್ಲಿ ಕಂಡಿರಲಿಲ್ಲ. ಅಲ್ಲಿಂದಾಚೆ ಹತ್ತಿ ಹೊಲಗಳ ಟ್ರ್ಯಾಕ್ಟರ್ ದಾರಿಯಲ್ಲಿ ಗುರುತು ಅಳಿಸಿಹೋಗಿತ್ತು. ಆದರೆ ಮರಳಿನಲ್ಲಿ ಇನ್ನೊಂದು ಗುರುತಿತ್ತು. ಜೀಪಿನ ಗೆರೆಯ ಪಕ್ಕದಲ್ಲೇ ಈಚೆ ದಂಡೆಗೆ ವಾಪಸ್ ಬಂದ ಒಂದು ಜೊತೆ ಚಪ್ಪಲಿ ಹೆಜ್ಜೆ. ಅಷ್ಟಗಲದ ಹೊಳೆಯಲ್ಲಿ ಒಬ್ಬನೇ ನಡೆದು ಬಂದವನ ಹೆಜ್ಜೆ ನೋಡಿ ಇನ್‌ಸ್ಪೆಕ್ಟರಿಗೆ ಯಾಕೋ ಕ್ವಾರ್ಟರ್ಸಿನ ನೆನಪಾಯಿತು. ಪಂಚನಾಮೆ ಬರೆಸಿ, ಪಂಚರ ಸಹಿ ಹಾಕಿಸಿ, ಹೊರಟರು.

"ತಂಡದಾಗ ಎಷ್ಟು ಮಂದಿ?" ಎಂದು ದಾರಿಯಲ್ಲಿ ಕೇಳಿದರು.

"ನಾಕು ಮಂದಿರಿ. ನಾನು, ದುರುಗಣ್ಣ, ನೀಲಾವತಿ ಮೇಡಂ, ಜಂಬುನಾಥಣ್ಣ. ಅಣ್ಣಂಗ ಸ್ವಂತ ಜೀಪಿಲ್ಲ, ದಾರಿ ಹೇಳೋರು ಅವ್ರು. ನನ್ನ ಜೀಪಿನಾಗ ಬರೋರಿದ್ರು." ತಾನಾಗಿಯೇ ಸೇರಿಸಿದ, "ನಮ್ಮವರು ಯಾರೂ ಹಂಗ ಮಾಡಂಗಿಲ್ಲ ಸಾರ್."

ಬುಧವಾರ ಉಚ್ಚೆಂಗೆಪ್ಪ ಒಬ್ಬೊಬ್ಬರನ್ನೇ ಕಂಡರು. ಮಿಲ್ಲಿನ ದುರುಗಣ್ಣ ಸೋಮವಾರ ಇಡೀ ದಿನ ಬಳ್ಳಾರಿಯಲ್ಲಿ ಅಳಿಯನ ಹೊಸ ಅಂಗಡಿಯ ಪೂಜೆಯಲ್ಲಿದ್ದ, ನೂರು ಜನ ನೋಡಿದ್ದರು. ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಹೇಳುವ ನೀಲಾವತಿ ಆ ಮಧ್ಯಾಹ್ನ ತರಗತಿಯಲ್ಲಿದ್ದರು. ಇಬ್ಬರ ಮನೆಯಲ್ಲೂ ಬಾಗಿಲ ಪಕ್ಕದಲ್ಲೇ ತುಂಬಿದ ಬ್ಯಾಗುಗಳು ನಿಂತಿದ್ದವು. ಶನಿವಾರವೇ ತುಂಬಿಟ್ಟಿದ್ದು ಎಂದು ಇಬ್ಬರೂ ಹೇಳಿದರು. ನೀಲಾವತಿ ಮರಳುಗಾಳಿಗೆ ಮುಖ ಸುತ್ತುವ ಬಟ್ಟೆಯನ್ನೂ ತೆಗೆದು ತೋರಿಸಿ, ಮತ್ತೆ ಮಡಚಿಟ್ಟುಕೊಂಡರು.

ಸಂಜೆ ನಾಲ್ಕಕ್ಕೆ ಪೊಲೀಸ್ ಜೀಪು ಕುರುಗೋಡಿಗೆ ಬಂತು. ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಜಂಬುನಾಥನ ಮನೆ. ಐವತ್ತನಾಲ್ಕರ ಮನುಷ್ಯ. ಮೊದಲು ಗಣಿಯೊಂದರಲ್ಲಿ ಸರ್ವೇಯರ್ ಆಗಿದ್ದ, ಗಣಿ ಮುಚ್ಚಿದ ಮೇಲೆ ಕರೆದವರ ಹೊಲ ಅಳೆದು ಕೊಡುತ್ತಿದ್ದ. ಮದುವೆಯಾಗಿಲ್ಲ. ಜೊತೆಗಿದ್ದ ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು.

ಪೊಲೀಸರು ಬಂದರೆ ಜನ ಗಾಬರಿಯಾಗುತ್ತಾರೆ. ಈತ ಖುಷಿಯಾದ. "ಬರ್ರಿ ಬರ್ರಿ, ಮ್ಯಾಲೆ ಕುಂದ್ರೂಣು," ಎಂದು ಮಾಳಿಗೆಯ ಕೋಣೆಗೆ ಕರೆದೊಯ್ದ. ನಾಲ್ಕು ಕುರ್ಚಿ ಒಂದು ಗೋಡೆಯ ಕಡೆ ಮುಖ ಮಾಡಿದ್ದವು. ಆ ಗೋಡೆಯ ಮೇಲೆ ಏನೂ ಇರಲಿಲ್ಲ. ಬಹಳ ದಿನ ಏನೋ ತೂಗುಹಾಕಿ ತೆಗೆದಿದ್ದಕ್ಕೆ ದೊಡ್ಡದೊಂದು ಚೌಕ ಮಾತ್ರ ಬೆಳ್ಳಗೆ ಉಳಿದಿತ್ತು. ಅವರು ಕೂರುವುದರೊಳಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂತು. ಇಬ್ಬರಿಗೆ ಬಹಳವಾಯಿತು ಎಂದ ದೊಡ್ಡಬಸವರಾಜ.

"ತಿನ್ರಿ. ಒಬ್ಬಂಗ ಎಷ್ಟು ಮಾಡ್ಬೇಕು ಅನ್ನೋದು ನನಗಿನ್ನೂ ತಿಳೀವಲ್ದು."

ಉಚ್ಚೆಂಗೆಪ್ಪ ಒಂದು ಮಿರ್ಚಿ ತಿಂದರು. ಚೆನ್ನಾಗಿತ್ತು. ಮುಂದೆ ಕೇಳಬೇಕಾದ್ದನ್ನು ಕೇಳಲು ಅದರಿಂದ ಇನ್ನಷ್ಟು ಕಷ್ಟವಾಯಿತು.

"ಗ್ವಾಡಿ ಮ್ಯಾಲೆ ಏನಿತ್ತು?"

"ಮರುಭೂಮಿ ನಕ್ಷೆರಿ. ನಾನ ಬರ್ದಿದ್ದು. ಮೊನ್ನೆ ಭಾನುವಾರ ನೀಲಾವತಿ ಮೇಡಂ ಬಿಚ್ಚಿ ಒಯ್ದ್ರು, ದಾರ್ಯಾಗ ಬೇಕಂತ."

"ಸೋಮವಾರ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ."

"ಯಾರು ನೋಡ್ಯಾರ?"

"ನನ್ನ ಯಾರು ನೋಡ್ತಾರ್ರಿ ಸಾರ್."

"ನಿಮ್ಮ ಬ್ಯಾಗ್ ತೋರ್ಸ್ರಿ."

ಜಂಬುನಾಥ ಎದ್ದು ಬ್ಯಾಗು ತಂದ. ಹೊಸ ಬ್ಯಾಗು. ಅಂಗಡಿಯ ಚೀಟಿ ಇನ್ನೂ ತೂಗುತ್ತಿತ್ತು. ದೊಡ್ಡಬಸವರಾಜ ಜಿಪ್ ಎಳೆದು ನೋಡಿದ. ಒಳಗೆ ಆಕಾರಕ್ಕೆಂದು ಅಂಗಡಿಯವರು ತುರುಕಿದ್ದ ಕಾಗದ ಬಿಟ್ಟರೆ ಏನೂ ಇಲ್ಲ.

"ಯಾಕ ತುಂಬಿಲ್ಲ?"

"ಜೀಪ್ ಹೋತಲ್ರಿ. ಹೆಂಗಿದ್ರೂ ಹೊರಡಂಗಿಲ್ಲ."

"ಜೀಪ್ ಹೋಗಿದ್ದು ಸೋಮವಾರ. ಉಳಿದವರು ಶನಿವಾರನ ತುಂಬ್ಯಾರ."

ಜಂಬುನಾಥ ಮಿರ್ಚಿಯ ತಟ್ಟೆ ಎತ್ತಿ ಅವರ ಕಡೆ ಹಿಡಿದ. ಕೆಳಗೆ ಓಣಿಯಲ್ಲಿ ಬಳ್ಳಾರಿ ಬಸ್ಸಿಗೆ ಯಾರೋ ಓಡುತ್ತಿದ್ದ ಸದ್ದು ಕೇಳಿತು. ಉಚ್ಚೆಂಗೆಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ಕಳ್ಳ ಹೊಳಿ ದಾಟಾಕ ಟೈರಿನ ಗಾಳಿ ಇಳಿಸ್ಯಾನ. ಸರಿ. ದಾಟಿದ ಮ್ಯಾಲೆ ಮತ್ತ ತುಂಬ್ಯಾನ. ಅದ್ಯಾಕ?"

"ತುಂಬ್ಲಿಲ್ಲಂದ್ರ ಗಟ್ಟಿ ದಾರ್ಯಾಗ ಟೈರಿನ ಅಂಚು ಹರೀತಾವ್ರಿ. ಪಾಪ, ಪ್ರದೀಪ ಮೊನ್ನೆನ ಹೊಸಾವು ಹಾಕ್ಸ್ಯಾನ."

"ಕಳ್ಳಂಗ ಪ್ರದೀಪನ ಟೈರಿನ ಚಿಂತಿ ಯಾಕ ಬೇಕು, ಜಂಬುನಾಥ್?"

ಜಂಬುನಾಥ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕಿಟ್ಟ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಎರಡು ದಿನ ಗೆಳೆಯರಿಗೆ ಹೇಳಿದ್ದೇ ಅವನಿಗೆ ಸಾಕಾಗಿತ್ತು.

"ಮಾರ್ಚ್ ಬರ್ತಿದ್ದಂಗ ತಂದು ಬಿಡ್ತಿದ್ದೆ ಸಾರ್. ಅಷ್ಟ್ರಾಗ ಅಲ್ಲಿ ಬಿಸಲು ಬಿದ್ದಿರ್ತೈತಿ. ಎಲ್ಲಾರೂ ಮುಂದಿನ ಚಳಿಗಾಲಕ್ಕ ಹೋಗೂಣ ಅಂತಿದ್ರು."

"ಅವ್ರು ಹೋಗೂದು ನಿಮಗ್ಯಾಕ ಬ್ಯಾಡಾತು? ನೀವೂ ಹೊಂಟಿದ್ರಿ."

"ಹೊರಟ್ರ ಮುಗೀತಲ್ರಿ."

ದೊಡ್ಡಬಸವರಾಜ ಬರೆಯುವುದನ್ನು ನಿಲ್ಲಿಸಿದ. ಜಂಬುನಾಥ ಖಾಲಿ ಗೋಡೆಯನ್ನು ನೋಡುತ್ತ ಹೇಳಿದ. "ಎರಡು ವರ್ಷ ರೀ. ಪ್ರತಿ ಭಾನುವಾರ ಸಂಜಿಗೆ ಬರೋರು. ಯಾವ ದಿಬ್ಬ ಮೊದಲು, ನೀರೆಷ್ಟು, ಯಾರ ಹಿಂದ ಯಾರು ಅಂತ ಜಗಳಾಡೋರು. ನಾನು ಶನಿವಾರದಿಂದ್ಲೇ ಮಿರ್ಚಿ ಆರಿಸ್ತಿದ್ದೆ. ಮೊನ್ನೆ ಪ್ರದೀಪ ಅಂದ, ಇದು ಕಡೀ ಮೀಟಿಂಗ್ ಅಂತ. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಅವ್ರು ಹೋದ ಮ್ಯಾಲೆ ಈ ಗ್ವಾಡಿ ನೋಡಿದೆ."

ಉಚ್ಚೆಂಗೆಪ್ಪನವರಿಗೆ ಆ ಹೊತ್ತು ನಿಜವಾಗಿಯೂ ಬೇಸರವಾಯಿತು. ಆದರೂ ಕೆಲಸ ಕೆಲಸವೇ. ದಸ್ತಗಿರಿಯ ಕಾರಣ ತಿಳಿಸಿ, ಯಾರಿಗೆ ಸುದ್ದಿ ಕೊಡಬೇಕು ಎಂದು ನಿಯಮದಂತೆ ಕೇಳಿದರು. ಜಂಬುನಾಥ ಬಹಳ ಯೋಚಿಸಿ ಪ್ರದೀಪನ ಹೆಸರು ಹೇಳಿದ. ಫಿರ್ಯಾದಿಯೇ ಅವನು, ಅವನನ್ನು ಬಿಟ್ಟು ಬೇರೆ ಹೇಳಿ ಎಂದ ದೊಡ್ಡಬಸವರಾಜ. ಬೇರೆ ಹೆಸರು ಸಿಗಲಿಲ್ಲ.

ಗುರುವಾರ ಬೆಳಿಗ್ಗೆ ಆರೋಪಿ ತೋರಿಸಿದ ಜಾಗದಲ್ಲಿ ಪಂಚನಾಮೆ ನಡೆಯಿತು. ಹಗರಿಯ ಆಚೆ ದಂಡೆಯಿಂದ ಎರಡು ಮೈಲಿ, ಮುಚ್ಚಿಹೋದ ಹತ್ತಿ ಗೋದಾಮು. ಹಿಂದೊಮ್ಮೆ ಆ ಜಾಗವನ್ನು ಅವನೇ ಅಳೆದಿದ್ದ. ಜೀಪಿಗೆ ತಾಡಪತ್ರಿ ಹೊದಿಸಿತ್ತು. ಬ್ಯಾಟರಿಯ ತಂತಿ ಬಿಚ್ಚಿಟ್ಟಿತ್ತು. ವಿಂಚಿಗೆ ಧೂಳು ಕೂರಬಾರದೆಂದು ಹಳೆಯದೊಂದು ರೇಷ್ಮೆ ಸೀರೆಯ ತುಂಡು ಸುತ್ತಿತ್ತು. ಅಕ್ಕನದು ಎಂದ.

ಮಧ್ಯಾಹ್ನ ಠಾಣೆಗೆ ಉಳಿದ ಮೂವರೂ ಬಂದರು. ಪ್ರದೀಪ ದಾರಿಯುದ್ದಕ್ಕೂ ಸಿಟ್ಟು ಕೂಡಿಸಿಕೊಂಡು ಬಂದಿದ್ದ. ಜಂಬುನಾಥನನ್ನು ಕಂಡ ಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯದೆ ನಿಂತ. ಮೊದಲು ಮಾತಾಡಿದ್ದು ನೀಲಾವತಿ.

"ಒಂದು ಮಾತು ಹೇಳಿದ್ರ ಆಗಿತ್ತಲ್ರಿ ಅಣ್ಣ. ಹೋಗಿ ಬಂದ ಮ್ಯಾಲೂ ನಾವು ಬರ್ತಿದ್ವಿ."

ಜಂಬುನಾಥ ಮುಖ ಎತ್ತಿದ. "ಬರ್ತಿದ್ರೇನು?"

ಬಹಳ ಆಸೆಯಿಂದ ಕೇಳಿದ. ಪ್ರದೀಪ ದುರುಗಣ್ಣನ ಮುಖ ನೋಡಿದ. ದುರುಗಣ್ಣ ಮೊಬೈಲು ತೆಗೆದು ಏನೋ ನೋಡತೊಡಗಿದ. ನೀಲಾವತಿ ಕೈಚೀಲದ ಪಟ್ಟಿ ಸರಿಮಾಡಿಕೊಂಡರು. ಜಂಬುನಾಥ ಎರಡನೇ ಸಲ ಕೇಳಲಿಲ್ಲ.

ಜೀಪು ಮುದ್ದೆಮಾಲು. ನ್ಯಾಯಾಲಯದಿಂದ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಜನವರಿ ಕಳೆಯಿತು. ಫೆಬ್ರವರಿ ಮೊದಲ ವಾರ ಜಂಬುನಾಥನಿಲ್ಲದೆಯೇ ಮೂರೂ ಜೀಪು ಮರುಭೂಮಿಗೆ ಹೊರಟವು, ಸುಖವಾಗಿ ವಾಪಸ್ ಬಂದವು. ಜಂಬುನಾಥನಿಗೆ ಜಾಮೀನು ಸಿಕ್ಕಿತ್ತು. ದೋಷಾರೋಪಣ ಪಟ್ಟಿ ಸಲ್ಲಿಸುವವರೆಗೆ ಪ್ರತಿ ಭಾನುವಾರ ಸಿರುಗುಪ್ಪ ಠಾಣೆಗೆ ಬಂದು ಸಹಿ ಮಾಡಬೇಕು ಎಂಬುದು ಷರತ್ತು.

ಷರತ್ತನ್ನು ಇಷ್ಟು ಪ್ರೀತಿಯಿಂದ ಪಾಲಿಸಿದ ಆರೋಪಿ ಇನ್ನೊಬ್ಬನಿರಲಾರ. ಕುರುಗೋಡಿನಿಂದ ಮೊದಲ ಬಸ್ಸಿಗೇ ಬರುವನು. ಇಸ್ತ್ರಿ ಮಾಡಿದ ಅಂಗಿ. ಸಹಿ ಮಾಡಲು ಒಂದು ನಿಮಿಷ ಸಾಕು, ಅವನು ಬೆಂಚಿನ ಮೇಲೆ ಸಂಜೆಯವರೆಗೂ ಕೂರುವನು. ಬಂದವರಿಗೆ ಅರ್ಜಿ ಬರೆದು ಕೊಡುವನು, ಹೊಲದ ಗಡಿಯ ತಕರಾರು ಬಂದರೆ ಕೇಳದೆಯೂ ಸಲಹೆ ಹೇಳುವನು. ಆ ದಿನ ಕೆಲಸವಿಲ್ಲದಿದ್ದರೂ ಉಚ್ಚೆಂಗೆಪ್ಪ ಠಾಣೆಯಲ್ಲೇ ಇರುತ್ತಿದ್ದರು.

ಮಾರ್ಚಿನಲ್ಲಿ ದುರುಗಣ್ಣ ಬೇರೆ ಯಾವುದೋ ಕೆಲಸಕ್ಕೆ ಠಾಣೆಗೆ ಬಂದಿದ್ದ. "ಭಾನುವಾರ ಈಗೆಲ್ಲಿ ಸೇರ್ತೀರಿ?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಸೇರಿಲ್ರಿ ಸಾರ್. ಬಂದ ಮ್ಯಾಲೆ ಒಂದ್ಸಲನೂ ಆಗ್ಲಿಲ್ಲ. ಇನ್ನ ಸೇರಿ ಮಾಡೋದೇನೈತಿ?"

ಆ ವಾರವೇ ದೋಷಾರೋಪಣ ಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಷರತ್ತು ಮುಗಿಯಿತು. ಮುಂದಿನ ಭಾನುವಾರ ಮೊದಲ ಬಸ್ಸಿನ ಹೊತ್ತಿಗೆ ಜಂಬುನಾಥ ಠಾಣೆಯ ಮೆಟ್ಟಿಲ ಮೇಲಿದ್ದ. ಕೈಯಲ್ಲಿ ಒಂದು ಪೊಟ್ಟಣವಿತ್ತು, ಮಿರ್ಚಿಯ ವಾಸನೆ ಬರುತ್ತಿತ್ತು.

"ನಿಮ್ದು ಮುಗೀತಲ್ರಿ," ಎಂದ ದೊಡ್ಡಬಸವರಾಜ. "ಇನ್ಮ್ಯಾಲೆ ಕೋರ್ಟ್ ಕರೆದಾಗ ಹೋದ್ರ ಸಾಕು. ಇಲ್ಲಿಗೆ ಬರೋದು ಬೇಕಿಲ್ಲ."

"ಹೌದೇನ್ರಿ?" ಎಂದ ಜಂಬುನಾಥ. ಅವನಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ, "ಹಂಗಾದ್ರ ಸಹಿ?" ಎಂದು ಕೇಳಿದ.

ಒಳಗಿನಿಂದ ಉಚ್ಚೆಂಗೆಪ್ಪ ಹೊರಗೆ ಬಂದರು. ಮೆಟ್ಟಿಲ ಮೇಲಿನವನನ್ನೂ, ಖಾಲಿ ಬೆಂಚನ್ನೂ ನೋಡಿದರು.

"ಸಹಿ ಬ್ಯಾಡ," ಎಂದರು. "ಕುಂದ್ರ ಬರ್ರಿ."