ಶಾಂತವ್ವನ ಚೀಲದಲ್ಲಿ ಮೀನು

"ನನ್ನ ಹೆಂಡ್ತಿ ಚೀಲದಾಗ ಮೀನು ಬಂದಾವ್ರಿ," ಎಂದರು ಬಂದವರು. "ಆಕಿ ತೀರಿಕೊಂಡು ನಾಕು ವರ್ಷಾತು."

ಉದಯಕುಮಾರನ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಬಸವೇಶ್ವರನಗರದ ನೀಲಾಂಬಿಕಾ ಅವರ ಹಜಾರದಲ್ಲಿ ಕೂತು ಅವನು ಹನ್ನೊಂದು ವರ್ಷಗಳಿಂದ ಥರಾವರಿ ಗೋಳು ಕೇಳಿದ್ದ. ಕಳುವಾದ ಸರ, ಹೆಸರಿಲ್ಲದ ಪತ್ರ, ನಾಪತ್ತೆಯಾದ ಅಳಿಯ, ಇಂಥವೆಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಸತ್ತವರ ಚೀಲಕ್ಕೆ ಮೀನು ಬಂದ ಕೇಸು ಮಾತ್ರ ಇದೇ ಮೊದಲು.

ನೀಲಾಂಬಿಕಾ ರೇಡಿಯೋ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಯಾವ ಬೆಸುಗೆ ಯಾರ ಕೈಯದೆಂದು ನೋಡಿದ ಕೂಡಲೇ ಹೇಳುತ್ತಿದ್ದ ಆ ಕಣ್ಣು ಈಗ ಬಡಾವಣೆಯ ಜನ ಹೊತ್ತು ತರುವ ಒಗಟುಗಳ ಮೇಲಿತ್ತು. ಉದಯಕುಮಾರ ಹೈಸ್ಕೂಲಿನ ಲ್ಯಾಬ್ ಸಹಾಯಕ, ಮದುವೆಯಾಗದ ಐವತ್ತರ ಆಸಾಮಿ, ಅವರ ಹಿತ್ತಲ ಕೋಣೆಯ ಬಾಡಿಗೆದಾರ. ಕೇಸು ಬಂದ ದಿನ ಅವನಿಗೆ ಹಬ್ಬ. ಬಾರದ ದಿನ ದರ್ಶಿನಿಯ ಊಟ, ಕೋಣೆ, ನಿದ್ದೆ, ಅಷ್ಟೇ.

"ಕೂತ್ಕೊಳ್ಳಿ. ಮೊದಲಿಂದ ಹೇಳಿ," ಎಂದರು ನೀಲಾಂಬಿಕಾ.

ಬಂದವರ ಹೆಸರು ಈರಪ್ಪ. ಗದಗದ ಕಡೆಯವರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಈಗ ಅತ್ತಿಗುಪ್ಪೆಯ ಸ್ವಂತ ಮನೆಯಲ್ಲಿ ಒಬ್ಬರೇ. ಮಕ್ಕಳಾಗಿರಲಿಲ್ಲ. ತಾವು ಎರಡನೇ ಪಾಳಿಗೆ ಹೋದಾಗ ಹೆಂಡತಿ ಶಾಂತವ್ವನಿಗೆ ಹೊತ್ತು ಹೋಗಲೆಂದು, ತೊಂಬತ್ತೇಳರಲ್ಲಿ, ಟಿವಿಗೆ ಜೋಡಿಸುವ ವಿಡಿಯೋ ಗೇಮ್ ತಂದುಕೊಟ್ಟಿದ್ದರು. ಅದರ ಕ್ಯಾಸೆಟ್ಟುಗಳ ಪೈಕಿ ಒಂದು ಮಾತ್ರ ಶಾಂತವ್ವನಿಗೆ ಹಿಡಿಸಿತು. ಚೀಲ ಹೊತ್ತ ಪುಟ್ಟ ಹುಡುಗಿಯೊಬ್ಬಳು ಊರೂರು ಅಲೆಯುವ ಆಟ. ಆಟ ನಿಂತ ಜಾಗವನ್ನು ಕ್ಯಾಸೆಟ್ಟೇ ನೆನಪಿಟ್ಟುಕೊಳ್ಳುತ್ತಿತ್ತು. ಶಾಂತವ್ವ ತೀರಿಕೊಂಡಾಗ ಆ ಹುಡುಗಿ ಒಂದು ಬಾವಿಯ ಮುಂದೆ ನಿಂತಿದ್ದಳು, ತಲೆಯ ಮೇಲೆ ಇಂಗ್ಲಿಷಿನಲ್ಲಿ 'ಶಾಂತಾ' ಎಂಬ ಹೆಸರು.

"ದಿನಾ ಸಂಜಿ ಏಳಕ್ಕ ಹಚ್ಚಿ ನೋಡ್ತೀನ್ರಿ. ಒಂದ್ ಹೆಜ್ಜೀನೂ ಮುಂದ ಇಡ್ಸಿಲ್ಲ. ಆಕಿ ಬಿಟ್ಟಲ್ಲೇ ಇರ್ಲಿ ಅಂತ."

"ಮೀನು ಕಂಡಿದ್ದು ಯಾವಾಗ?"

"ಮೊನ್ನೆ ಆಕಿ ಪುಣ್ಯತಿಥಿ ಇತ್ತು. ಹೂ ನೋಡೂಣು ಅಂತ ಚೀಲ ತೆಗದೆ. ಆಟದಾಗ ದಾರಿ ಮ್ಯಾಲೆ ಹೂ ಬಿದ್ದಿರ್ತಾವ್ರಿ, ಅವನ್ನ ಬಿಡದ ಆರಿಸ್ಕೊಂಡು ಬರ್ತಿದ್ಲು. ಚೀಲದ ತುಂಬ ಹೂವೇ ಇದ್ದುವು. ಈಗ ಒಂದೂ ಇಲ್ಲ, ಬರೇ ಮೀನು! ನಾವು ಲಿಂಗಾಯತರು. ಆಕಿ ಆಟದಾಗೂ ಮೀನು ಮುಟ್ಟಿದಾಕಿ ಅಲ್ಲ. ಆಟದ ಹುಡುಗಿಗೆ ದಣಿವಾದ್ರ ತಿನ್ಸಾಕ ಗುಡ್ಡಾ ಸುತ್ತಿ ಹೋಗಿ ಸೊಪ್ಪು ತರ್ತಿದ್ಲು." ಈರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಅದೊಂದ ನನ್ನ ಹತ್ರ ಉಳಿದಿತ್ರಿ. ಅದಕ್ಕೂ ಯಾರೋ ಕೈ ಹಾಕ್ಯಾರ."

ಅನುಮಾನ ಯಾರ ಮೇಲೆಂದು ಕೇಳಿದಾಗ ಅವರು ತಡವರಿಸಲಿಲ್ಲ. ಮಹಡಿಯ ಕೋಣೆಯ ಬಾಡಿಗೆದಾರಳು, ಇಂಜಿನಿಯರಿಂಗ್ ಓದುವ ಅನಘಾ. ನವೆಂಬರಿನಲ್ಲಿ ಈರಪ್ಪ ಐದು ದಿನ ಊರಿಗೆ ಹೋಗಿದ್ದಾಗ ಮನೆಯ ಕೀಲಿ ಅವಳ ಹತ್ತಿರ ಇತ್ತು. ತಿಂಗಳ ಕೊನೆಗೆ ಕೋಣೆ ಬಿಡು ಎಂದು ಆಗಲೇ ಹೇಳಿಯಾಗಿತ್ತು.

ಮರುದಿನ ಸಂಜೆ ಉದಯಕುಮಾರ ಸ್ಕೂಟರಿನ ಹಿಂದೆ ನೀಲಾಂಬಿಕಾ ಅವರನ್ನು ಕೂರಿಸಿಕೊಂಡು ಅತ್ತಿಗುಪ್ಪೆಗೆ ಹೋದ. ಈರಪ್ಪನವರ ಹಜಾರದಲ್ಲಿ ಟಿವಿಯ ಎದುರು ಎರಡು ಕುರ್ಚಿಗಳಿದ್ದವು. ಒಂದರ ಬೆತ್ತ ಸವೆದಿತ್ತು, ಇನ್ನೊಂದರ ಮೇಲೆ ಯಾರೂ ಕೂರದಂತೆ ಮಡಿಸಿದ ಕೌದಿ ಇಟ್ಟಿದ್ದರು. ಅಂಥ ಮನೆಯಲ್ಲಿ ಯಾವುದನ್ನೂ ಕೇಳಬೇಕಾಗಿರಲಿಲ್ಲ. ಒಂಟಿಯಾಗಿ ಉಣ್ಣುವವರ ಮನೆ ಹೇಗಿರುತ್ತದೆಂದು ಉದಯಕುಮಾರನಿಗೆ ಚೆನ್ನಾಗಿ ಗೊತ್ತಿತ್ತು.

ತೆರೆಯ ಮೇಲೆ ಹುಡುಗಿ ಬಾವಿಯ ಮುಂದೆ ನಿಂತಿದ್ದಳು. ಹೆಸರು ಸರಿ, ಜಾಗ ಸರಿ, ಮುಖ ತಿರುಗಿದ ದಿಕ್ಕೂ ಸರಿ ಎಂದರು ಈರಪ್ಪ. ಚೀಲ ತೆರೆದರೆ ಹನ್ನೆರಡು ಮೀನು.

"ಚಿತ್ರ ಬಹಳ ಸ್ಪಷ್ಟವಾಗಿದೆಯಲ್ಲ?" ಎಂದರು ನೀಲಾಂಬಿಕಾ.

"ಮೊದ್ಲ ತೆರಿ ತುಂಬ ಚುಕ್ಕಿ ಬರ್ತಿದ್ದುವು. ವಿಜಯನಗರದ ಅಮರೇಶ ಹೊಸಾ ವೈರಿನ ಸಾಕೆಟ್ ಕೂಡ್ಸಿ ಕೊಟ್ಟ. ಕ್ಯಾಸೆಟ್ಟಿನ ಸೆಲ್ಲೂ ಹಳೇದಾಗೇತಿ, ಅದು ಸತ್ರ ನೆನಪೂ ಹೊಕ್ಕೇತಿ ಅಂದ. ಅದನ್ನೂ ಬದ್ಲಿ ಮಾಡ್ಸಿದೆ. ಎರಡ ದಿನದಾಗ ಕೊಡ್ತೀನಿ ಅಂದಾವ, ಪಾರ್ಟ್ ಸಿಗವಲ್ದು ಅಂತ ತಿಂಗಳ ಹಚ್ಚಿದ."

"ಯಾವಾಗ ಕೊಟ್ಟಿದ್ರಿ?"

"ಮಹಾನವಮಿ ಹಿಂದಿನ ದಿನಾರಿ."

ನೀಲಾಂಬಿಕಾ ಯಂತ್ರವನ್ನು ಮಡಿಲಿಗೆ ಎತ್ತಿಕೊಂಡು ಭೂತಗನ್ನಡಿಯಲ್ಲಿ ನೋಡತೊಡಗಿದರು. ಜಾರಿಸುವ ಸ್ವಿಚ್ಚನ್ನು ಆರಿಸಿದರು, ಹಾಕಿದರು, ಮತ್ತೆ ಆರಿಸಿದರು. "ಉದಯ, ಇಲ್ಲಿ ನೋಡು." ಸ್ವಿಚ್ಚಿನ ಸೀಳಿನಲ್ಲಿ ಒಂದಿಷ್ಟು ಕೆಂಪು ಪುಡಿ ಸಿಕ್ಕಿಕೊಂಡಿತ್ತು. ಸ್ವಿಚ್ ಆರಿದಾಗ ಮಾತ್ರ ಕಾಣುತ್ತಿತ್ತು, ಹಾಕಿದರೆ ಅದರಡಿ ಮುಚ್ಚಿಹೋಗುತ್ತಿತ್ತು.

"ನೀವು ಇದಕ್ಕೆ ಕುಂಕುಮ ಹಚ್ಚಿದ್ರಾ?"

"ಆಕಿ ಹೋದಮ್ಯಾಲೆ ಈ ಮನ್ಯಾಗ ಹಬ್ಬಾನೇ ಇಲ್ರಿ."

ಅಡುಗೆ ಮಾಡುವ ಯಶೋದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಕೇಳದೇ ಇದ್ದರೂ ಹೇಳಿದರು: "ಸತ್ಯ ಹೇಳ್ತೀನಿ ಅಮ್ಮಾ, ಆ ಡಬ್ಬ ಹಾಳಾಗೋಗ್ಲಿ ಅಂತ ನಾನೇ ಎಷ್ಟೋ ಸಲ ಅಂದ್ಕೊಂಡಿದೀನಿ. ಏಳು ಗಂಟೆ ಆದ್ರೆ ಅಣ್ಣ ಯಾರ ಜೊತೇನೂ ಮಾತಾಡಲ್ಲ. ಆದ್ರೆ ಅದನ್ನ ಮುಟ್ಟಕ್ಕೂ ನಂಗೆ ಭಯ."

ಮಹಡಿಯಲ್ಲಿ ಅನಘಾ ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಕಣ್ಣು ಊದಿತ್ತು.

"ಅಂಕಲ್ ನನಗೆ ಆ ಚೀಲ ಎಷ್ಟು ಸಲ ತೋರ್ಸಿದಾರೆ ಗೊತ್ತಾ ಆಂಟಿ? ಒಂದೊಂದು ಹೂವೂ ಯಾವ ದಾರೀಲಿ ಸಿಕ್ತು ಅಂತ ಹೇಳೋರು. ನಾನ್ಯಾಕೆ ಹಾಗ್ ಮಾಡ್ಲಿ? ಮೀನು ಕಂಡ ದಿನದಿಂದ ನನ್ನ ಮುಖ ನೋಡಿಲ್ಲ ಅವ್ರು."

"ಆ ಹೂವನ್ನ ಆಟದಲ್ಲಿ ಎಸೀಬಹುದಾ? ಮಾರಬಹುದಾ?"

"ಎರಡೂ ಆಗಲ್ಲ. ಒಂದ್ಸಲ ಎತ್ಕೊಂಡ್ರೆ ಮುಗೀತು, ಕೊನೆವರ್ಗೂ ಚೀಲದಲ್ಲೇ ಇರತ್ತೆ."

ನೀಲಾಂಬಿಕಾ ಅವಳ ತಲೆ ಸವರಿ, "ಪುಸ್ತಕ ಸದ್ಯಕ್ಕೆ ಹೊರಗೇ ಇರ್ಲಿ," ಎಂದು ಕೆಳಗಿಳಿದರು.

ಅಮರೇಶನ ಅಂಗಡಿ ವಿಜಯನಗರದ ಅಡ್ಡರಸ್ತೆಯೊಂದರಲ್ಲಿತ್ತು. ಎದುರಿಗೆ ಒಂದು ಮೇಜು, ಹಿಂದೆ ಅವನೂ ಅವನ ತಾಯಿಯೂ ಇರುವ ಕೋಣೆ. ಅಮರೇಶ ಹೊರಗೆ ಹೋಗಿದ್ದ. ತಾಯಿ ದುರ್ಗವ್ವ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೊಪ್ಪಳದ ಕಡೆಯವರು, ಬೆಂಗಳೂರಿಗೆ ಬಂದು ಆರು ತಿಂಗಳಾಗಿತ್ತು, ಮಾತನಾಡಲು ಜನ ಸಿಕ್ಕಿದ್ದೇ ಅವರಿಗೆ ಸಂಭ್ರಮ. ಉದಯಕುಮಾರ ಸುತ್ತ ಕಣ್ಣಾಡಿಸಿದ. ಬೆಸುಗೆ ಕಡ್ಡಿಯ ಸ್ಟ್ಯಾಂಡು, ಮೀಟರು, ಹಳೆಯ ಟಿವಿ, ಎಲ್ಲದರ ಮೇಲೂ ಮಾಸಿದ ಕುಂಕುಮದ ಬೊಟ್ಟು.

"ಪೂಜೆ ಜೋರಾಗಿ ಆಗಿದೆ," ಎಂದರು ನೀಲಾಂಬಿಕಾ.

"ನಾನ ಮಾಡೀನ್ರಿ ಯವ್ವಾ!" ದುರ್ಗವ್ವನ ಮುಖ ಅರಳಿತು. "ಈ ಹುಡುಗ ಹಬ್ಬದ ದಿನಾನೂ ಕೆಲಸಕ್ಕ ಕುಂತಿದ್ದ. ಏನೋ ತರಾಕಂತ ಹೊರಗ ಓಡಿದ್ನಾ, ಆ ಹೊತ್ತಿನಾಗ ಎಲ್ಲಾ ಮಷಿನ್ನೂ ಆರಿಸಿ, ಒರಿಸಿ, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿಬಿಟ್ಟೆ. ವರ್ಷಕ್ಕ ಒಂದಿನ ಅವಕ್ಕೂ ದಣಿವಾರ್ಬೇಕಲ್ರಿ?"

ನೀಲಾಂಬಿಕಾ ಕೈಮುಗಿದು ಹೊರಗೆ ಬಂದರು. ಸ್ಕೂಟರಿನ ಹತ್ತಿರ ಬಂದ ಮೇಲೆ ಉದಯಕುಮಾರನಿಗೆ ಎಲ್ಲವನ್ನೂ ವಿವರಿಸಿದರು.

"ಹೇಳ್ಲೇಬೇಕಾ ಅಕ್ಕಾ? ಪಾಪ, ಆ ಮನುಷ್ಯನ ಹತ್ರ ಇರೋದೇ ಅದೊಂದು."

"ಹೇಳದೇ ಇದ್ರೆ ಅನಘಾ ಕಳ್ಳಿ ಅನ್ನಿಸ್ಕೊಂಡು ಮನೆ ಬಿಡ್ತಾಳೆ ಕಣೋ. ಹೋದೋರಿಗೋಸ್ಕರ ಇರೋರನ್ನ ಬಲಿ ಕೊಡಕ್ಕಾಗತ್ತಾ?"

ಭಾನುವಾರ ಮಧ್ಯಾಹ್ನ ಈರಪ್ಪನವರ ಹಜಾರದಲ್ಲಿ ಎಲ್ಲರೂ ಸೇರಿದರು. ಯಶೋದಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿದ್ದರು. ಅನಘಾ ಮೆಟ್ಟಿಲ ಮೇಲೆ ಕೂತಿದ್ದಳು. ಅಮರೇಶ ತಲೆ ತಗ್ಗಿಸಿಕೊಂಡು ಬಂದ. ಮೂವತ್ತರ ಸಣಕಲು ಯುವಕ. ಏಕೆ ಕರೆದಿದ್ದಾರೆಂದು ತಿಳಿಯದ ದುರ್ಗವ್ವ, ಬರಿಗೈಲಿ ಬರಬಾರದೆಂದು ಬಾಳೆಹಣ್ಣು ತಂದಿದ್ದರು.

"ಮೊದಲು ಹೂವಿನ ವಿಷಯ," ಎಂದು ಆರಂಭಿಸಿದರು ನೀಲಾಂಬಿಕಾ. "ಆಟದಲ್ಲಿ ಒಮ್ಮೆ ಎತ್ತಿಕೊಂಡ ಹೂವನ್ನ ಕಳ್ಕೊಳ್ಳೋಕೆ ದಾರಿಯೇ ಇಲ್ಲ. ಯಾರೋ ಶಾಂತವ್ವನವರ ಆಟ ಮುಂದುವರಿಸಿದ್ರೆ ಮೀನಿನ ಜೊತೆ ಹೂವೂ ಇರ್ಬೇಕಿತ್ತು. ಇಲ್ಲ ಅಂದ್ರೆ, ಇದು ಮೊದಲಿಂದ ಶುರು ಮಾಡಿ ಆಡಿದ ಬೇರೆ ಆಟ. ಹೆಸರು ಅದೇ, ಬಾವಿ ಅದೇ. ಆಡಿದ ಕೈ ಬೇರೆ."

ಈರಪ್ಪ ಕುರ್ಚಿಯ ತೋಳು ಹಿಡಿದುಕೊಂಡರು.

"ಯಶೋದಮ್ಮನಿಗೆ ಆ ಡಬ್ಬ ಹಾಳಾಗ್ಬೇಕಿತ್ತು. ಹಾಳು ಮಾಡಿ ಸುಮ್ಮನಿರ್ತಿದ್ರು, ಕಷ್ಟಪಟ್ಟು ಮತ್ತೆ ಕಟ್ತಿರ್ಲಿಲ್ಲ. ಅನಘಾಗೆ ಚೀಲದ ಒಂದೊಂದು ಹೂವೂ ಗೊತ್ತು. ಅವಳು ನಕಲು ಮಾಡಿದ್ರೆ ಮೊದಲು ಹೂವೇ ಆರಿಸ್ತಿದ್ಲು. ಮಾಡಿದವರಿಗೆ ತೆರೆ ಮೇಲೆ ಕಾಣೋದೆಲ್ಲ ಗೊತ್ತಿತ್ತು, ಚೀಲದೊಳಗೆ ಏನಿದೆ ಅಂತ ಗೊತ್ತಿರ್ಲಿಲ್ಲ. ಒಂದೇ ಒಂದು ಸಲ ಹಾಕಿ ನೋಡಿದವರು ಅವರು. ಬೇಗ ಬೇಗ ಆಡ್ಬೇಕಿತ್ತು, ಅದಕ್ಕೇ ಗುಡ್ಡ ಸುತ್ತಿ ಸೊಪ್ಪು ತರೋ ಬದಲು ಹೊಳೇಲಿ ಮೀನು ಹಿಡಿದ್ರು. ಇಷ್ಟು ಆಟ ಆಡೋಕೆ ವಾರಗಟ್ಟಲೆ ಸಮಯ ಬೇಕು. ಅಷ್ಟು ದಿನ ಇದು ಇದ್ದದ್ದು ಒಂದೇ ಕಡೆ."

ಎಲ್ಲರೂ ಅಮರೇಶನತ್ತ ನೋಡಿದರು.

"ಇನ್ನು, ಯಾಕೆ? ಕ್ಯಾಸೆಟ್ಟಿನ ನೆನಪು ಉಳಿಯೋದು ಆ ಪುಟ್ಟ ಸೆಲ್ಲಿನ ಬಲದಿಂದ. ಅದನ್ನ ಬದಲಾಯಿಸುವಾಗ ಯಂತ್ರ ಚಾಲೂ ಇಟ್ಟಿರ್ಬೇಕು, ಆಗ ಯಂತ್ರದ ಕರೆಂಟೇ ನೆನಪನ್ನ ಕಾಯತ್ತೆ. ಹಳೇ ಸೆಲ್ ತೆಗೆದು ಹೊಸದು ಕೂರ್ಸೋದ್ರೊಳಗೆ ಯಂತ್ರ ಆರಿದ್ರೆ ಎಲ್ಲಾ ಅಳಿಸಿಹೋಗತ್ತೆ. ಸ್ವಿಚ್ಚಿನ ಸಂದಿಯಲ್ಲಿ ಕುಂಕುಮ ಇದೆ. ಸ್ವಿಚ್ ಆರಿಸಿದಾಗ ಮಾತ್ರ ತೆರೆಯೋ ಜಾಗ ಅದು. ಅಂದ್ರೆ ಆಯುಧ ಪೂಜೆಯ ದಿನ ಯಂತ್ರವನ್ನ ಆರಿಸಿ ಪೂಜೆ ಮಾಡಿದಾರೆ. ಕೆಲಸ ಬಲ್ಲ ಅಮರೇಶ ಅದನ್ನ ಆರಿಸ್ತಿರ್ಲಿಲ್ಲ."

ದುರ್ಗವ್ವನ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ನೆಲಕ್ಕೆ ಬಿತ್ತು. "ಯಪ್ಪಾ... ನಾನ ಏನ್ಲೇ?"

"ಅವ್ವಾ, ನಿಂಗೆ ಗೊತ್ತಿರ್ಲಿಲ್ಲ, ಬಿಡು," ಎಂದ ಅಮರೇಶ. ಆಮೇಲೆ ಈರಪ್ಪನವರ ಕಡೆ ತಿರುಗಿದ. "ಹಳೇ ಸೆಲ್ ತೆಗ್ದಿದ್ದೆ ಸಾರ್. ಹೊಸದರಲ್ಲಿ ಬೆಸುಗೆ ಹಾಕೋ ತಗಡಿನ ಕಾಲು ಮುರೀತು. ಇನ್ನೊಂದು ತರೋಣ ಅಂತ ಪಕ್ಕದ ವಾಚ್ ಅಂಗಡಿಗೆ ಓಡ್ದೆ. ಹತ್ತೇ ನಿಮಿಷ. ವಾಪಸ್ ಬಂದ್ರೆ ಊದಿನಕಡ್ಡಿ ಉರೀತಾ ಇತ್ತು, ಯಂತ್ರ ಆರಿತ್ತು. 'ಇದ್ರಾಗ ನಮ್ಮನ್ಯಾಕಿ ಅದಾಳ, ಹುಷಾರು' ಅಂತ ಹೇಳಿ ಕೊಟ್ಟಿದ್ರಿ ನೀವು. ಇಲ್ಲ ಅಂತ ನಿಮ್ಗೆ ಹೆಂಗ್ ಹೇಳ್ಲಿ? ಇಪ್ಪತ್ತೆಂಟು ದಿನ ಆಡ್ದೆ. ಆ ಬಾವಿ ಎಲ್ಲಿದೆ ಅಂತ ಹುಡುಕೋದಕ್ಕೇ ಒಂದು ವಾರ ಆಯ್ತು. ಅವ್ವಂಗೂ ಹೇಳಿಲ್ಲ. ಗೊತ್ತಾದ್ರೆ ಇನ್ಮೇಲೆ ಪೂಜೆಗೆ ಕೈ ಎತ್ತಲ್ಲ ಅಂತ."

ಈರಪ್ಪ ಕೂಗಾಡುತ್ತಾರೆಂದು ಉದಯಕುಮಾರ ಕಾದ. ಅವರು ಕೂಗಲಿಲ್ಲ. ನಿಧಾನವಾಗಿ ಮೆಟ್ಟಿಲ ಕಡೆ ನೋಡಿದರು.

"ತಂಗಿ, ನಂದು ತಪ್ಪಾತು. ನೀ ಎಲ್ಲೂ ಹೋಗಬ್ಯಾಡ."

ಅನಘಾ ತಲೆಯಾಡಿಸಿದಳು.

"ಎರಡು ತಿಂಗಳಾತು ಆಕಿ ಇದರಾಗಿಂದನೂ ಹೋಗಿ. ನಾ ದಿನಾ ಕುಂತು ಖಾಲಿ ಮನಿ ನೋಡ್ಲಿಕತ್ತೀನಿ." ಈರಪ್ಪ ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು. "ಮಣ್ಣು ಮಾಡಿ ಬಂದ ದಿನಾನ ಸಂಜಿಕ ಇದನ್ನ ಹಚ್ಚಿದೆ. ಬಾವಿ ಮುಂದ ನಿಂತಿದ್ಲು. ಇಲ್ಲೇ ಅದಾಳಲ್ಲ ಅಂತ ಸುಮ್ಮನಾದೆ."

ದುರ್ಗವ್ವ ಎದ್ದರು. ಯಾರನ್ನೂ ಕೇಳದೆ ಹೋಗಿ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

"ಆವತ್ತು ಅತ್ತಿರೇನ್ರಿ ಯಣ್ಣಾ?"

"ಇಲ್ಲವ್ವಾ."

"ನಾಕು ವರ್ಷದಾಗ?"

ಈರಪ್ಪ ಉತ್ತರ ಕೊಡಲು ಬಾಯಿ ತೆರೆದರು. ಬಂದದ್ದು ಮಾತಲ್ಲ, ಅಳು. ಮುದುಕರ ಅಳು ಕೇಳಲು ಕಷ್ಟ; ಅದರಲ್ಲೂ ಇಷ್ಟು ವರ್ಷ ತಡೆದಿಟ್ಟದ್ದು. ದುರ್ಗವ್ವ ಸೆರಗು ಬಾಯಿಗೆ ಹಿಡಿದು ತಾವೂ ಅತ್ತರು. ಅಮರೇಶ ಗೋಡೆಗೆ ಮುಖ ಮಾಡಿ ನಿಂತ. ಯಶೋದಮ್ಮ ಒಳಗೆ ಹೋಗಿ ನೀರು ತಂದು, ಕೊಡಲಾರದೆ ಚೊಂಬು ಹಿಡಿದುಕೊಂಡೇ ಇದ್ದರು. ಅನಘಾ ಮೆಟ್ಟಿಲಿಳಿದು ಬಂದು ಈರಪ್ಪನವರ ಭುಜದ ಮೇಲೆ ಕೈಯಿಟ್ಟಳು. ಪತ್ತೆ ಮಾಡಿದ್ದಕ್ಕೆ ಹೆಮ್ಮೆ ಪಡಬೇಕಿದ್ದ ನೀಲಾಂಬಿಕಾ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಬಹಳ ಹೊತ್ತಿನ ಮೇಲೆ ನೀಲಾಂಬಿಕಾ ಎದ್ದರು. ಉದಯಕುಮಾರನೂ ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ತಿರುಗಿ ನಿಂತು, ರೂಢಿಯಂತೆ "ಬರ್ತೀವಿ" ಎನ್ನಲು ಹೊರಟ. ನೀಲಾಂಬಿಕಾ ಅವನ ಮೊಣಕೈ ಹಿಡಿದು ಬೇಡವೆಂದು ತಲೆಯಾಡಿಸಿದರು. ಸಾವಿನ ಮನೆಯಿಂದ ಹೊರಡುವಾಗ ಹಾಗೆ ಹೇಳುವುದಿಲ್ಲ. ಇಬ್ಬರೂ ಏನೂ ಹೇಳದೆ ಮೆಟ್ಟಿಲಿಳಿದು ಗೇಟು ಹಾಕಿಕೊಂಡರು.